ಅಶ್ವಗಂಧದ ಚಮಚಕ್ಕಿಂತ ಮೊದಲು ಸಕ್ಕರೆ ಪರೀಕ್ಷೆ

ಈ ಸಲ ಬಂದ ಕಾಗದಗಳಲ್ಲಿ ಹೆಚ್ಚಿನವು ಗಂಡಸರವು. ಹೆಸರು ಹಾಕಬೇಡಿ ಎಂದು ಎಲ್ಲರೂ ಕೇಳಿಕೊಂಡಿದ್ದಾರೆ. ಹಾಕುವುದಿಲ್ಲ. ‘ಹೆಣ್ಣುಮಗಳಿಗೆ ಇದನ್ನೆಲ್ಲ ಹೇಗೆ ಬರೆಯುವುದು’ ಎಂದು ಒಬ್ಬರು ಮುಜುಗರ ಪಟ್ಟುಕೊಂಡಿದ್ದಾರೆ. ಜ್ವರ, ಕೆಮ್ಮಿನ ಬಗ್ಗೆ ಹೇಗೆ ಬರೆಯುತ್ತೀರೋ ಹಾಗೇ ಬರೆಯಿರಿ. ನಾನು ಆಯುರ್ವೇದ ಓದಿ ದಾವಣಗೆರೆಯಲ್ಲಿ ರೋಗಿಗಳನ್ನು ನೋಡುವವಳು. ನನ್ನ ಅಜ್ಜ ನಾಟಿ ವೈದ್ಯರು. ಗಂಡಸರು ಹಿತ್ತಲ ಬಾಗಿಲಿಗೆ ಬಂದು ತಗ್ಗಿದ ದನಿಯಲ್ಲಿ ಕೇಳುತ್ತಿದ್ದ ಔಷಧಿ ಯಾವುದು ಅಂತ ಚಿಕ್ಕಂದಿನಿಂದ ಬಲ್ಲೆ.

ಪ್ರಶ್ನೆ: ಡಾಕ್ಟರ್ ಮೇಡಂ, ನಮಸ್ಕಾರ. ನನಗೆ 48 ವರ್ಷ. ಚನ್ನಗಿರಿ ಕಡೆಯವನು, ಅಡಿಕೆ ತೋಟ ಇದೆ. ಸುಮಾರು ಒಂದು ವರ್ಷದಿಂದ ಹೆಂಡತಿ ಜೊತೆ ಸೇರುವಾಗ ಗಡಸು ನಿಲ್ಲುತ್ತಿಲ್ಲ. ಆಸೆ ಇದೆ, ಮೈ ಕೇಳುವುದಿಲ್ಲ. ಸ್ನೇಹಿತರೊಬ್ಬರ ಮಾತು ಕೇಳಿ ಗ್ರಂಧಿಗೆ ಅಂಗಡಿಯಿಂದ ಅಶ್ವಗಂಧದ ಪುಡಿ ತಂದೆ. ಎರಡು ತಿಂಗಳಿಂದ ರಾತ್ರಿ ಹಾಲಿಗೆ ಒಂದು ಚಮಚ ಹಾಕಿಕೊಂಡು ಕುಡಿಯುತ್ತಿದ್ದೇನೆ. ನಿದ್ದೆ ಚೆನ್ನಾಗಿ ಬರುತ್ತೆ. ಆ ವಿಷಯದಲ್ಲಿ ಮಾತ್ರ ಏನೂ ಬದಲಾಗಿಲ್ಲ. ಎರಡು ಚಮಚ ಮಾಡಲೇ? ಇನ್ನೊಬ್ಬರು ‘ನೂರಕ್ಕೆ ನೂರು ಗಿಡಮೂಲಿಕೆ’ ಎಂದು ಬರೆದಿರುವ ಕ್ಯಾಪ್ಸೂಲ್ ಕೊಟ್ಟಿದ್ದಾರೆ. ಅರ್ಧ ಗಂಟೆಯಲ್ಲಿ ಕೆಲಸ ಮಾಡುತ್ತೆ ಅಂತಾರೆ. ನಾನು ಬಿಪಿ ಮಾತ್ರೆ ತಗೊಳ್ತೀನಿ. ಹೋದ ವರ್ಷ ಎದೆ ಹಿಡಿದಂತಾಗಿತ್ತು. ಆಗ ಡಾಕ್ಟರು ನಾಲಿಗೆ ಕೆಳಗೆ ಇಟ್ಟುಕೊಳ್ಳುವ ಮಾತ್ರೆ ಕೊಟ್ಟರು, ಯಾವಾಗಲೂ ಜೇಬಲ್ಲಿ ಇರುತ್ತೆ. ಮನೆಯವಳಿಗೆ ಈ ಪುಡಿ ವಿಷಯ ಹೇಳಿಲ್ಲ.

ಉತ್ತರ: ಮೊದಲು ಆ ಕ್ಯಾಪ್ಸೂಲ್ ವಿಷಯ. ಅದನ್ನು ನುಂಗಬೇಡಿ. ಒಂದು ಸಲ ನೋಡೋಣ ಅಂತಲೂ ಬೇಡ.

ಅರ್ಧ ಗಂಟೆಯಲ್ಲಿ ಗಡಸು ತರುವ ಬೇರಾಗಲಿ ಬೀಜವಾಗಲಿ ನಾನು ಓದಿದ ಆಯುರ್ವೇದದಲ್ಲಿ ಇಲ್ಲ. ಅಷ್ಟು ಬೇಗ ಕೆಲಸ ಮಾಡುವುದು ಸಿಲ್ಡೆನಫಿಲ್, ಟಡಾಲಫಿಲ್ ಥರದ ಇಂಗ್ಲಿಷ್ ಔಷಧಿ. 1998ರಲ್ಲಿ ಅಮೆರಿಕದಲ್ಲಿ ವಯಾಗ್ರಾ ಎಂಬ ಹೆಸರಿನಲ್ಲಿ ಬಂದಿದ್ದು ಇದೇ ಸಿಲ್ಡೆನಫಿಲ್. ಗಿಡಮೂಲಿಕೆ ಎಂದು ಮಾರುವ ‘ಪವರ್’ ಕ್ಯಾಪ್ಸೂಲುಗಳಲ್ಲಿ ಇದನ್ನು ಗುಟ್ಟಾಗಿ ಬೆರೆಸಿರುವುದನ್ನು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಮತ್ತೆ ಮತ್ತೆ ಪತ್ತೆ ಹಚ್ಚಿದೆ. ಬೆರೆಸುವವರು ಎಷ್ಟು ಹಾಕಿದ್ದಾರೆ ಅಂತ ಡಬ್ಬಿ ಮೇಲೆ ಬರೆಯುವುದಿಲ್ಲ. ಒಂದು ಕ್ಯಾಪ್ಸೂಲಿನಲ್ಲಿ ಕಮ್ಮಿ, ಇನ್ನೊಂದರಲ್ಲಿ ಜಾಸ್ತಿ ಇರಬಹುದು.

ನಿಮ್ಮ ಜೇಬಿನಲ್ಲಿರುವ ಮಾತ್ರೆ ಬಹುಶಃ ಸಾರ್ಬಿಟ್ರೇಟ್ ಅಥವಾ ಆ ಜಾತಿಯದು, ನೈಟ್ರೇಟ್ ಅನ್ನುತ್ತಾರೆ. ಅದು ರಕ್ತನಾಳಗಳನ್ನು ಹಿಗ್ಗಿಸುತ್ತದೆ. ಸಿಲ್ಡೆನಫಿಲ್ ಕೂಡ ಹಿಗ್ಗಿಸುತ್ತದೆ. ಎರಡೂ ಒಟ್ಟಿಗೆ ಒಳಗೆ ಹೋದರೆ ಬಿಪಿ ದಿಢೀರನೆ ಕುಸಿದು ಪ್ರಾಣ ಹೋಗಬಹುದು. ಸಿಲ್ಡೆನಫಿಲ್ ತೆಗೆದುಕೊಂಡು 24 ಗಂಟೆ, ಟಡಾಲಫಿಲ್ ಆದರೆ 48 ಗಂಟೆ ಕಳೆಯುವ ತನಕ ನೈಟ್ರೇಟ್ ಕೊಡಬಾರದು ಎಂದು ನಿಯಮವೇ ಇದೆ. ಈಗ ಯೋಚನೆ ಮಾಡಿ. ನೀವು ಗಿಡಮೂಲಿಕೆ ಅಂದುಕೊಂಡು ಆ ಕ್ಯಾಪ್ಸೂಲ್ ನುಂಗಿದ್ದೀರಿ. ನಡುರಾತ್ರಿ ಎದೆ ಹಿಡಿಯುತ್ತದೆ. ನೀವೇ ನಾಲಿಗೆ ಕೆಳಗೆ ಮಾತ್ರೆ ಇಡುತ್ತೀರಿ, ಇಲ್ಲ ಆಸ್ಪತ್ರೆಯಲ್ಲಿ ಕೊಡುತ್ತಾರೆ. ಮನೆಯವರಿಗೂ ಗೊತ್ತಿಲ್ಲ, ಡಾಕ್ಟರಿಗೂ ಗೊತ್ತಿಲ್ಲ. ಇದು ನನ್ನನ್ನು ನಿಜಕ್ಕೂ ಹೆದರಿಸುವ ಸಂಗತಿ. ಅದಕ್ಕೇ ನಿಮ್ಮ ಕಾಗದಕ್ಕೆ ಮೊದಲು ಉತ್ತರ ಬರೆಯುತ್ತಿದ್ದೇನೆ. ಇದನ್ನು ಓದುತ್ತಿರುವವರಲ್ಲಿ ಯಾರಾದರೂ ಇಂಥದ್ದನ್ನು ನುಂಗಿದ್ದು, ಆಮೇಲೆ ಎದೆನೋವು ಬಂದರೆ, ಆಸ್ಪತ್ರೆ ಬಾಗಿಲಲ್ಲೇ ಹೇಳಿಬಿಡಿ. ಅಲ್ಲಿ ನಾಚಿಕೆ ಬೇಡ.

ಇನ್ನು ಅಶ್ವಗಂಧ. ನಮ್ಮ ಕಡೆ ಹಿರೇಮದ್ದು ಅನ್ನುತ್ತಾರೆ. ಬದನೆ, ಟೊಮೆಟೊ ಕುಟುಂಬದ ಗಿಡ, ಒಣಭೂಮಿಯಲ್ಲೂ ಬರುತ್ತದೆ. ಮಧ್ಯಪ್ರದೇಶದ ನೀಮಚ್, ಮಂದಸೌರ್ ಕಡೆ ಇದನ್ನು ದೊಡ್ಡದಾಗಿ ಬೆಳೆಯುತ್ತಾರೆ, ನೀಮಚ್ ಮಂಡಿ ಇದರ ದೊಡ್ಡ ಮಾರುಕಟ್ಟೆ. ನಾನು ಇದನ್ನು ರೋಗಿಗಳಿಗೆ ಕೊಡುತ್ತೇನೆ, ನಂಬಿಕೆಯಿಂದ ಕೊಡುತ್ತೇನೆ. ಆದರೆ ಯಾವುದಕ್ಕೆ ಕೊಡುತ್ತೇನೆ ಅನ್ನುವುದು ಮುಖ್ಯ. ದುಡಿದು ಸೋತವರಿಗೆ, ಚಿಂತೆಯಿಂದ ನಿದ್ದೆ ಕೆಟ್ಟವರಿಗೆ, ಕಾಯಿಲೆಯಿಂದ ಎದ್ದು ಬಲ ಬಾರದವರಿಗೆ. ಒತ್ತಡ ಮತ್ತು ನಿದ್ದೆಯ ಮೇಲೆ ಇದರ ಗುಣ ಹಲವು ಸಣ್ಣ ಅಧ್ಯಯನಗಳಲ್ಲಿ ಕಂಡಿದೆ. ನಿಮಗೂ ನಿದ್ದೆ ಸುಧಾರಿಸಿದೆ, ಅಲ್ವಾ?

ಗಡಸಿನ ವಿಷಯ ಬೇರೆ. ಗುಜರಾತಿನ ಜಾಮ್‌ನಗರದಲ್ಲಿ ಆಯುರ್ವೇದ ವಿಶ್ವವಿದ್ಯಾಲಯ ಇದೆ. ಅಲ್ಲಿನವರು ಮನಸ್ಸಿನ ಕಾರಣದಿಂದ ಗಡಸು ಬಾರದ ಗಂಡಸರಲ್ಲಿ ಕೆಲವರಿಗೆ ಅಶ್ವಗಂಧದ ಪುಡಿ, ಕೆಲವರಿಗೆ ಔಷಧಿ ಇಲ್ಲದ ಸುಳ್ಳು ಮದ್ದು ಕೊಟ್ಟು 60 ದಿನ ನೋಡಿದರು. 2011ರಲ್ಲಿ ಫಲಿತಾಂಶ ಪ್ರಕಟವಾಯಿತು. ಸುಳ್ಳು ಮದ್ದಿಗಿಂತ ಅಶ್ವಗಂಧ ಹೆಚ್ಚು ಕೆಲಸ ಮಾಡಿರಲಿಲ್ಲ. ಆಯುರ್ವೇದದವರೇ ಮಾಡಿ, ಮುಚ್ಚಿಡದೆ ಪ್ರಕಟಿಸಿದ ಈ ಕೆಲಸದ ಬಗ್ಗೆ ನನಗೆ ಗೌರವ ಇದೆ. ಹಾಗಾಗಿ ಒಂದು ಚಮಚಕ್ಕೆ ಆಗದ್ದು ಎರಡು ಚಮಚಕ್ಕೆ ಆಗುತ್ತದೆ ಅಂದುಕೊಳ್ಳಬೇಡಿ. ನಮ್ಮ ಆಯುರ್ವೇದ ಫಾರ್ಮಕೋಪಿಯ, ಅಂದರೆ ಔಷಧಿಗಳ ಅಧಿಕೃತ ಗ್ರಂಥ, ಬೇರಿನ ಪುಡಿಗೆ ಹೇಳಿರುವ ಪ್ರಮಾಣ ದಿನಕ್ಕೆ 3ರಿಂದ 6 ಗ್ರಾಂ. ಅದಕ್ಕಿಂತ ಏರಿಸಿದರೆ ಹೊಟ್ಟೆ ಕೆಡುತ್ತದೆ, ಭೇದಿ ಆಗುತ್ತದೆ.

ನಿಮ್ಮ ಕಾಗದದಲ್ಲಿ ನಾನು ಹುಡುಕಿದ್ದು ಒಂದು ಮಾತು, ಅದು ಸಿಗಲಿಲ್ಲ. ಸಕ್ಕರೆ ಎಷ್ಟಿದೆ ಅಂತ ನೀವು ಬರೆದಿಲ್ಲ. ನನ್ನ ಅಜ್ಜನ ಹತ್ತಿರ ಯಾರಾದರೂ ಈ ತೊಂದರೆ ಹೇಳಿಕೊಂಡು ಬಂದರೆ ಅವರು ಮೊದಲು ಕೇಳುತ್ತಿದ್ದ ಪ್ರಶ್ನೆ: ‘ನೀನು ಉಚ್ಚೆ ಹೊಯ್ದ ಜಾಗಕ್ಕೆ ಇರುವೆ ಮುತ್ತುತ್ತವಾ?’ ಹೌದು ಅಂದರೆ ಬಲದ ಪುಡಿ ಕೊಡುತ್ತಿರಲಿಲ್ಲ. ಮೊದಲು ಸಿಹಿಮೂತ್ರಕ್ಕೆ ಪಥ್ಯ, ಮಿಕ್ಕಿದ್ದು ಆಮೇಲೆ. ಇರುವೆಯ ಲಕ್ಷಣವನ್ನು ನಮ್ಮ ಹಳೆಯ ವೈದ್ಯಗ್ರಂಥಗಳೂ ಹೇಳುತ್ತವೆ. ಈಗ ಇರುವೆ ಕಾಯಬೇಕಿಲ್ಲ, ಲ್ಯಾಬಿನಲ್ಲಿ ಎಚ್‌ಬಿಎ1ಸಿ ಅಂತ ಒಂದು ರಕ್ತಪರೀಕ್ಷೆ ಸಾಕು. ಮೂರು ತಿಂಗಳ ಸಕ್ಕರೆಯ ಸರಾಸರಿ ಹೇಳುತ್ತದೆ.

ಸಕ್ಕರೆಗೂ ಇದಕ್ಕೂ ಏನು ಸಂಬಂಧ? ಗಡಸು ಬರುವುದು ರಕ್ತ ತುಂಬಿ. ಶಿಶ್ನಕ್ಕೆ ರಕ್ತ ತರುವ ನಾಳದ ಅಗಲ 1ರಿಂದ 2 ಮಿಲಿಮೀಟರ್. ಹೃದಯದ ರಕ್ತನಾಳ 3ರಿಂದ 4 ಮಿಲಿಮೀಟರ್. ಸಕ್ಕರೆ, ಬಿಪಿ, ಕೊಬ್ಬು, ಬೀಡಿ ಸಿಗರೇಟು ಎಲ್ಲವೂ ನಾಳದ ಒಳಗೋಡೆಯನ್ನು ಕೆಡಿಸುತ್ತವೆ. ಸಣ್ಣ ನಾಳ ಮೊದಲು ಕಟ್ಟುತ್ತದೆ. ಅದಕ್ಕೇ ಹಲವರಲ್ಲಿ ಹಾಸಿಗೆಯಲ್ಲಿ ಕಾಣಿಸುವ ಈ ಸೋಲು ಹೃದಯದ ತೊಂದರೆಗಿಂತ ಎರಡು ಮೂರು ವರ್ಷ ಮುಂಚೆಯೇ ಬರುತ್ತದೆ. ನಿಮಗೆ ಎದೆ ಹಿಡಿದದ್ದೂ ಹೋದ ವರ್ಷ, ಗಡಸು ಕಮ್ಮಿ ಆದದ್ದೂ ಸುಮಾರು ಅದೇ ಕಾಲದಿಂದ. ಎರಡೂ ಒಂದೇ ರೋಗದ ಎರಡು ಮುಖ ಇರಬಹುದು. ಇದನ್ನು ಪುಡಿ ಹಾಕಿ ಮುಚ್ಚುವ ಹಾಗಿಲ್ಲ.

ಈ ವಾರವೇ ನಿಮ್ಮ ಹೃದಯದ ಡಾಕ್ಟರ ಹತ್ತಿರ ಹೋಗಿ ಇದನ್ನೂ ಹೇಳಿ. ಖಾಲಿಹೊಟ್ಟೆ ಸಕ್ಕರೆ, ಎಚ್‌ಬಿಎ1ಸಿ, ಕೊಬ್ಬಿನ ಪರೀಕ್ಷೆ, ಥೈರಾಯ್ಡ್, ಜೊತೆಗೆ ಬೆಳಿಗ್ಗೆ 8ರಿಂದ 10ರ ಒಳಗೆ ರಕ್ತ ಕೊಟ್ಟು ಟೆಸ್ಟೊಸ್ಟಿರಾನ್ ಎಂಬ ಗಂಡು ಹಾರ್ಮೋನ್ ನೋಡಿಸಬೇಕು. ಸಂಜೆ ಕೊಟ್ಟರೆ ಸುಮ್ಮನೆ ಕಮ್ಮಿ ತೋರಿಸುತ್ತದೆ. ಬಿಪಿ ಮಾತ್ರೆಯ ಹೆಸರನ್ನೂ ತೋರಿಸಿ. ಅಟೆನಲಾಲ್‌ನಂಥ ಕೆಲವು ಮಾತ್ರೆ, ಮೂತ್ರ ಹೆಚ್ಚಿಸುವ ಕೆಲವು ಮಾತ್ರೆಗಳಿಂದ ಗಡಸು ಕಮ್ಮಿ ಆಗಬಹುದು. ಹಾಗಿದ್ದರೆ ಬೇರೆ ಮಾತ್ರೆಗೆ ಬದಲಾಯಿಸಬಹುದು, ಆದರೆ ಅದು ಅವರ ಕೆಲಸ. ನೀವಾಗಿ ಒಂದು ದಿನವೂ ನಿಲ್ಲಿಸಬೇಡಿ. ಬೆಳಿಗ್ಗೆ ಏಳುವಾಗ ತಾನಾಗಿ ಗಡಸು ಬಂದಿರುತ್ತದಾ ಅನ್ನುವುದನ್ನೂ ಗಮನಿಸಿ ಹೇಳಿ. ಬರುತ್ತಿದ್ದರೆ ನಾಳಗಳು ಪರವಾಗಿಲ್ಲ, ಮನಸ್ಸಿನ ಕಡೆ ನೋಡಬೇಕು. ಬರುತ್ತಲೇ ಇಲ್ಲ ಅಂದರೆ ದೇಹದ ಕಡೆ.

ಪರೀಕ್ಷೆ ಮುಗಿಯುವ ತನಕ ಅಶ್ವಗಂಧ ನಿಲ್ಲಿಸಿಡಿ. ಅದು ಸಕ್ಕರೆ ಮತ್ತು ಬಿಪಿಯನ್ನು ಸ್ವಲ್ಪ ಇಳಿಸುತ್ತದೆ, ಮಾತ್ರೆಗಳ ಜೊತೆ ಸೇರಿದರೆ ಲೆಕ್ಕ ತಪ್ಪುತ್ತದೆ. ಎಲ್ಲ ಗೊತ್ತಾದ ಮೇಲೆ ಬೇಕಿದ್ದರೆ ಮತ್ತೆ ಶುರು ಮಾಡೋಣ.

ಮನೆಯವರಿಗೆ ಹೇಳಿಲ್ಲ ಅಂದಿರಿ. ಹೇಳಿ. ಗಂಡ ದೂರ ಸರಿಯುತ್ತಿದ್ದಾನೆ ಅಂದರೆ ಹೆಂಡತಿ ಏನು ಅಂದುಕೊಳ್ಳುತ್ತಾಳೆ ಅನ್ನುವುದು ನನ್ನ ಹತ್ತಿರ ಬರುವ ಹೆಣ್ಣುಮಕ್ಕಳಿಂದ ನನಗೆ ಗೊತ್ತು. ‘ನಾನು ಬೇಡವಾದೆ’ ಅಂದುಕೊಳ್ಳುತ್ತಾಳೆ. ಚರಕ ಸಂಹಿತೆಯಲ್ಲಿ ವಾಜೀಕರಣಕ್ಕೆ, ಅಂದರೆ ಗಂಡಸಿನ ಶಕ್ತಿ ಹೆಚ್ಚಿಸುವ ಚಿಕಿತ್ಸೆಗೆ, ಒಂದು ಇಡೀ ಅಧ್ಯಾಯ ಇದೆ, ಮದ್ದುಗಳ ದೊಡ್ಡ ಪಟ್ಟಿಯೇ ಇದೆ. ಅದೇ ಗ್ರಂಥ ಇನ್ನೊಂದು ಕಡೆ, ಗಂಡಸಿನ ಶಕ್ತಿ ಕುಗ್ಗಿಸುವುದರಲ್ಲಿ ಎಲ್ಲಕ್ಕಿಂತ ಮುಂದಿರುವುದು ಮನಸ್ಸಿನ ಬೇಸರ ಎನ್ನುತ್ತದೆ. ಗುಟ್ಟು ಮಾಡಿಕೊಂಡು ಒಬ್ಬರೇ ಕೊರಗಿದರೆ ಆ ಬೇಸರ ಬೆಳೆಯುತ್ತದೆ.

ಪ್ರಶ್ನೆ: ಮೇಡಂ, ನನಗೆ 31. ಬೆಂಗಳೂರಿನಲ್ಲಿ ಕೆಲಸ. ಮದುವೆಯಾಗಿ ಮೂರು ವರ್ಷ, ಮಕ್ಕಳಿಲ್ಲ. ವೀರ್ಯ ಪರೀಕ್ಷೆಯಲ್ಲಿ ಒಂದು ಮಿಲಿಲೀಟರಿಗೆ 90 ಲಕ್ಷ ವೀರ್ಯಾಣು ಬಂದಿದೆ, ಕಮ್ಮಿ ಅಂದರು. ಅಮ್ಮ ಊರಿಂದ ಅಶ್ವಗಂಧ ಮತ್ತು ನಸುಗುನ್ನಿ ಬೀಜದ ಪುಡಿ ಕಳಿಸಿದ್ದಾರೆ. ತಗೊಳ್ಳಲಾ? ಜಿಮ್‌ನಲ್ಲಿ ಮೈ ಬರಲಿ ಅಂತ ಟೆಸ್ಟೊಸ್ಟಿರಾನ್ ಇಂಜೆಕ್ಷನ್ ತಗೊಳ್ತಿದ್ದೀನಿ, ಅದು ಇದಕ್ಕೂ ಒಳ್ಳೆಯದು ಅಂತ ಟ್ರೇನರ್ ಹೇಳಿದರು.

ಉತ್ತರ: ಒಳ್ಳೆಯದಲ್ಲ, ಪೂರ್ತಿ ಉಲ್ಟಾ. ಹೊರಗಿನಿಂದ ಟೆಸ್ಟೊಸ್ಟಿರಾನ್ ಬಂದರೆ ಮೆದುಳು ‘ಸಾಕಷ್ಟಿದೆ’ ಎಂದು ತಿಳಿದು ವೃಷಣಕ್ಕೆ ಕೊಡುವ ಸೂಚನೆ ನಿಲ್ಲಿಸುತ್ತದೆ. ವೃಷಣ ವೀರ್ಯಾಣು ಮಾಡುವುದನ್ನು ಕಮ್ಮಿ ಮಾಡುತ್ತದೆ, ಕೆಲವರಲ್ಲಿ ನಿಲ್ಲಿಸಿಯೇ ಬಿಡುತ್ತದೆ. ನಿಮ್ಮ 90 ಲಕ್ಷಕ್ಕೆ ಇದೊಂದೇ ಕಾರಣ ಇದ್ದರೂ ಆಶ್ಚರ್ಯ ಇಲ್ಲ. ಹಾರ್ಮೋನ್ ಡಾಕ್ಟರನ್ನು ಅಥವಾ ಗಂಡಸರ ಬಂಜೆತನ ನೋಡುವ ಯೂರಾಲಜಿಸ್ಟನ್ನು ಕಂಡು ಅವರ ಉಸ್ತುವಾರಿಯಲ್ಲಿ ಬಿಡಿ. ಮತ್ತೆ ಸರಿಹೋಗಲು ತಿಂಗಳುಗಳು ಹಿಡಿಯುತ್ತವೆ, ಕೆಲವರಿಗೆ ವರ್ಷವೂ ಆಗಬಹುದು.

ನಿಮ್ಮ ಅಮ್ಮ ಕಳಿಸಿದ ಪುಡಿಗಳ ವಿಷಯದಲ್ಲಿ ನನಗೆ ಸ್ವಲ್ಪ ಭರವಸೆ ಇದೆ. ಲಖನೌದ ವೈದ್ಯ ವಿಶ್ವವಿದ್ಯಾಲಯದಲ್ಲಿ ಮಕ್ಕಳಾಗದ 75 ಗಂಡಸರಿಗೆ ದಿನಕ್ಕೆ 5 ಗ್ರಾಂ ನಸುಗುನ್ನಿ ಬೀಜದ ಪುಡಿಯನ್ನು 3 ತಿಂಗಳು ಕೊಟ್ಟಾಗ ವೀರ್ಯ ಸುಧಾರಿಸಿದ್ದು 2009ರಲ್ಲಿ ಪ್ರಕಟವಾಯಿತು. ಮರುವರ್ಷ ಅಶ್ವಗಂಧದ ಬಗ್ಗೆಯೂ ಹಾಗೇ ಬಂತು. ಇವುಗಳಲ್ಲಿ ಹೋಲಿಸಿ ನೋಡಲು ಸುಳ್ಳು ಮದ್ದಿನ ಗುಂಪು ಇರಲಿಲ್ಲ ಅನ್ನುವುದು ಕೊರತೆ. 2013ರಲ್ಲಿ ಅಶ್ವಗಂಧದ ಸಾರವನ್ನು ಸುಳ್ಳು ಮದ್ದಿನ ಜೊತೆ ಹೋಲಿಸಿ ನೋಡಿದ ಅಧ್ಯಯನ ಬಂತು. ಅದರಲ್ಲೂ ಎಣಿಕೆ ಏರಿತ್ತು, ಆದರೆ ಇದ್ದವರು 46 ಜನ ಮಾತ್ರ. ಹಾಗಾಗಿ ಪ್ರಯತ್ನಿಸಬಹುದು, ಇದನ್ನೇ ನೆಚ್ಚಿಕೊಂಡು ಕೂರಬಾರದು. ಎಲ್ಲರೂ ಮೂರು ತಿಂಗಳು ಯಾಕೆ ಕೊಟ್ಟರು ಅಂದರೆ, ಒಂದು ವೀರ್ಯಾಣು ತಯಾರಾಗಲು ಸುಮಾರು 74 ದಿನ ಬೇಕು. ಹದಿನೈದು ದಿನ ಕುಡಿದು ಮತ್ತೆ ಪರೀಕ್ಷೆ ಮಾಡಿಸಿದರೆ ದುಡ್ಡು ದಂಡ.

ನಸುಗುನ್ನಿ ಬೀಜವನ್ನು ಹಾಲಲ್ಲಿ ಬೇಯಿಸಿ, ಸಿಪ್ಪೆ ತೆಗೆದು, ಒಣಗಿಸಿ ಪುಡಿ ಮಾಡಬೇಕು. ಹಾಗೆ ಮಾಡಿದ್ದಾರಾ ಅಂತ ಅಮ್ಮನನ್ನು ಕೇಳಿ. ಅದರಲ್ಲಿ ಎಲ್-ಡೋಪಾ ಇದೆ. ಪಾರ್ಕಿನ್ಸನ್ ರೋಗಕ್ಕೆ ಕೊಡುವ ಔಷಧಿಯೂ ಅದೇ. ಹಾಗಾಗಿ ಪಾರ್ಕಿನ್ಸನ್ ಇರುವವರು, ಮನೋರೋಗಕ್ಕೆ ಮಾತ್ರೆ ತಗೊಳ್ಳುವವರು ಇದನ್ನು ಮುಟ್ಟಬಾರದು. ನೀವು ಇನ್ನೊಮ್ಮೆ ವೀರ್ಯ ಪರೀಕ್ಷೆ ಮಾಡಿಸುವಾಗ 2ರಿಂದ 7 ದಿನ ಸಂಭೋಗ ಬಿಟ್ಟು ಕೊಡಿ. ವೃಷಣದ ಸಿರೆ ಉಬ್ಬಿದೆಯಾ ಅಂತ ನೋಡಿಸಿ, ಉಬ್ಬಿದ್ದರೆ ಅದಕ್ಕೆ ಚಿಕಿತ್ಸೆ ಇದೆ. ತೊಡೆ ಮೇಲೆ ಲ್ಯಾಪ್‌ಟಾಪ್ ಇಡಬೇಡಿ. ಗುಟ್ಕಾ, ಸಿಗರೇಟು ಬಿಡಿ. ಹೆಂಡತಿಯ ಪರೀಕ್ಷೆಯೂ ಜೊತೆಗೇ ಆಗಲಿ, ಒಬ್ಬರದು ಮುಗಿಯಲಿ ಅಂತ ಇನ್ನೊಬ್ಬರು ಕಾಯುವುದು ಬೇಡ.

ಪ್ರಶ್ನೆ: ಡಾಕ್ಟ್ರೇ, ನಾನು ಲಾರಿ ಡ್ರೈವರ್, 35 ವರ್ಷ. ಬೇಗ ಆಗಿಬಿಡುತ್ತೆ ಅಂತ ಕಾಮಿನಿ ವಿದ್ರಾವಣ ರಸದ ಗುಳಿಗೆ ಶುರು ಮಾಡಿದೆ. ಮೊದಮೊದಲು ಚೆನ್ನಾಗಿತ್ತು. ಈಗ ಒಂದು ದಿನ ಬಿಟ್ಟರೆ ಮೈಕೈ ನೋವು, ಮೂಗು ಸೋರುತ್ತೆ, ಭೇದಿ, ನಿದ್ದೆ ಇಲ್ಲ. ಆಯುರ್ವೇದದ್ದು ತಾನೇ, ಯಾಕೆ ಹೀಗೆ?

ಉತ್ತರ: ಆಯುರ್ವೇದದ್ದೇ. ಆದರೆ ಅದರಲ್ಲಿ ಅಫೀಮು ಇದೆ. ನೀವು ಬರೆದಿರುವುದೆಲ್ಲ ಅಫೀಮು ಬಿಟ್ಟಾಗ ಬರುವ ಹಿಂಸೆ. ಇದು ನಿಮ್ಮ ಮನಸ್ಸಿನ ದೌರ್ಬಲ್ಯ ಅಲ್ಲ, ಆ ಗುಳಿಗೆಯ ಗುಣ. ಅಫೀಮಿನಂಥ ವಸ್ತು ಇರುವ ಆಯುರ್ವೇದ ಔಷಧಿಗಳು ಕಾನೂನಿನಲ್ಲಿ ಇ1 ಎಂಬ ಪಟ್ಟಿಗೆ ಸೇರುತ್ತವೆ. ವೈದ್ಯರ ನಿಗಾದಲ್ಲಿ ಮಾತ್ರ ತಗೊಳ್ಳಬೇಕು ಎಂದು ಡಬ್ಬಿ ಮೇಲೆ ಹಿಂದಿಯಲ್ಲೋ ಇಂಗ್ಲಿಷಿನಲ್ಲೋ ಅಚ್ಚಾಗಿರುತ್ತದೆ. ಅದನ್ನು ಓದಿ ಹೇಳದೆ ಕೈಗೆ ಕೊಟ್ಟು ಕಳಿಸುವವರ ಮೇಲೆ ನನಗೆ ತುಂಬಾ ಸಿಟ್ಟಿದೆ.

ಒಮ್ಮೆಲೇ ನಿಲ್ಲಿಸಿ ಸ್ಟೇರಿಂಗ್ ಹಿಡಿಯಬೇಡಿ. ತೆಗೆದುಕೊಂಡೂ ಹಿಡಿಯಬಾರದು, ಮಂಪರು ಬರುತ್ತದೆ. ಕೆಲವು ದಿನ ರಜೆ ಹಾಕಿ, ಹತ್ತಿರದ ಜಿಲ್ಲಾಸ್ಪತ್ರೆಯ ಮನೋವೈದ್ಯರನ್ನು ನೋಡಿ. ಧಾರವಾಡದ ಡಿಮ್ಹಾನ್ಸ್, ಬೆಂಗಳೂರಿನ ನಿಮ್ಹಾನ್ಸ್‌ನಲ್ಲೂ ಈ ಚಟ ಬಿಡಿಸುತ್ತಾರೆ, ಹಿಂಸೆ ಕಮ್ಮಿ ಮಾಡಲು ಔಷಧಿ ಇದೆ. ಎಲ್ಲಿಗೆ ಹೋಗಬೇಕು ಅಂತ ಗೊತ್ತಾಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡುತ್ತಾರೆ.

ಬೇಗ ಆಗುವುದಕ್ಕೆ ಗುಳಿಗೆಗಿಂತ ಒಳ್ಳೆಯ ಅಭ್ಯಾಸ ಇದೆ. ಇನ್ನೇನು ಆಗುತ್ತದೆ ಅನ್ನುವ ಮುಂಚೆ ನಿಲ್ಲಿಸಿ, ಆ ಒತ್ತಡ ಇಳಿಯಲು ಬಿಟ್ಟು, ಮತ್ತೆ ಮುಂದುವರಿಸುವುದು. ಜೇಮ್ಸ್ ಸೀಮನ್ಸ್ ಎಂಬ ವೈದ್ಯರು 1956ರಲ್ಲೇ ಇದನ್ನು ಬರೆದರು, ಇವತ್ತಿಗೂ ಹೇಳಿಕೊಡುತ್ತಾರೆ. ಹೆಂಡತಿಯ ಸಹಕಾರ ಬೇಕು, ವಾರಗಟ್ಟಲೆ ತಾಳ್ಮೆ ಬೇಕು. ಸಾಲದಿದ್ದರೆ ಚಟ ಹಿಡಿಸದ ಮಾತ್ರೆಗಳೂ ಇವೆ, ಅದೇ ಮನೋವೈದ್ಯರು ಬರೆದುಕೊಡುತ್ತಾರೆ. ‘ಗುಪ್ತರೋಗ’ ಎಂದು ಬಸ್ ಸ್ಟ್ಯಾಂಡ್ ಗೋಡೆಯಲ್ಲಿ ಅಂಟಿಸಿದ ನಂಬರಿಗೆ ಮಾತ್ರ ಹೋಗಬೇಡಿ. ಲೈಂಗಿಕ ಶಕ್ತಿ ಹೆಚ್ಚಿಸುತ್ತೇವೆ ಎಂದು ಔಷಧಿಗೆ ಜಾಹೀರಾತು ಕೊಡುವುದನ್ನೇ 1954ರ ಕಾನೂನು ನಿಷೇಧಿಸಿದೆ.

ಪ್ರಶ್ನೆ: ನಮ್ಮ ಯಜಮಾನರಿಗೆ 57, ಥೈರಾಯ್ಡ್ ಮಾತ್ರೆ ತಗೊಳ್ತಾರೆ. ನನಗೆ ಹೇಳದೆ ಅಶ್ವಗಂಧದ ಮಾತ್ರೆ ತರಿಸಿ ಒಂದೂವರೆ ತಿಂಗಳಿಂದ ನುಂಗುತ್ತಿದ್ದಾರೆ. ಈಗ ಮೈಯೆಲ್ಲ ತುರಿಕೆ, ಊಟ ಸೇರಲ್ಲ, ಕಣ್ಣು ಹಳದಿ ಕಾಣುತ್ತೆ. ಕಾಮಾಲೆಗೆ ನಾಟಿ ಔಷಧಿ ಕೊಡಿಸೋಣ ಅಂತಿದ್ದಾರೆ ನಮ್ಮತ್ತೆ. ಏನು ಮಾಡಲಿ? (ಗದಗ)

ಉತ್ತರ: ಕಾಗದ ಬಂದ ತಕ್ಷಣ ನಿಮಗೆ ಫೋನ್ ಮಾಡಿ ತಿಳಿಸಿದ್ದೇನೆ. ಬೇರೆಯವರಿಗೂ ಗೊತ್ತಿರಲಿ ಅಂತ ಇಲ್ಲಿ ಬರೆಯುತ್ತಿದ್ದೇನೆ.

ಅಶ್ವಗಂಧದ ಮಾತ್ರೆ ಆ ಕ್ಷಣವೇ ನಿಲ್ಲಬೇಕು. ಬಹಳ ಜನರಿಗೆ ಇದರಿಂದ ತೊಂದರೆ ಆಗುವುದಿಲ್ಲ. ಅಪರೂಪಕ್ಕೆ ಕೆಲವರಲ್ಲಿ ಯಕೃತ್ತಿಗೆ ಪೆಟ್ಟು ಕೊಡುತ್ತದೆ. ತುರಿಕೆ ಮತ್ತು ಹಳದಿ ಕಣ್ಣು ಅದರ ಗುರುತು, ಸಾಮಾನ್ಯವಾಗಿ ಶುರು ಮಾಡಿದ ಎರಡರಿಂದ ಹನ್ನೆರಡು ವಾರದಲ್ಲಿ ಕಾಣುತ್ತದೆ. ನಿಲ್ಲಿಸಿದರೆ ಹೆಚ್ಚಿನವರು ಕೆಲವು ತಿಂಗಳಲ್ಲಿ ಗುಣವಾಗುತ್ತಾರೆ. ಮೊದಲೇ ಯಕೃತ್ತಿನ ರೋಗ ಇದ್ದವರಿಗೆ, ದಿನಾ ಕುಡಿಯುವವರಿಗೆ ಅಪಾಯ ಜಾಸ್ತಿ. 2023ರಲ್ಲಿ ಡೆನ್ಮಾರ್ಕ್ ದೇಶ ಇದರ ಮಾರಾಟವನ್ನೇ ನಿಷೇಧಿಸಿತು. ಅಷ್ಟು ಬೇಕಿರಲಿಲ್ಲ ಅಂತ ನನಗೆ ಅನ್ನಿಸುತ್ತದೆ, ಆದರೆ ಯಕೃತ್ತಿನ ವಿಷಯ ಸುಳ್ಳು ಅಂತ ನಾನು ಹೇಳಲಾರೆ. ನಮ್ಮ ಆಯುಷ್ ಸಚಿವಾಲಯ ಕೂಡ ಬೇರನ್ನು ಮಾತ್ರ ಬಳಸಿ, ಎಲೆ ಬೇಡ ಎಂದು 2021ರಲ್ಲಿ ತಯಾರಕರಿಗೆ ಸೂಚನೆ ಕೊಟ್ಟಿದೆ. ಮಾತ್ರೆ ಕೊಳ್ಳುವವರು ಲೇಬಲ್ ಮೇಲೆ ಬೇರು ಎಂದಿದೆಯಾ, ತಯಾರಿಕೆಯ ಲೈಸೆನ್ಸ್ ನಂಬರ್ ಮತ್ತು ಬ್ಯಾಚ್ ನಂಬರ್ ಇದೆಯಾ ಅಂತ ನೋಡಿ.

ಕಾಮಾಲೆಗೆ ನಾಟಿ ಔಷಧಿ ಈಗ ಬೇಡ. ನಾಟಿ ವೈದ್ಯರ ಮೊಮ್ಮಗಳಾಗಿಯೇ ಹೇಳುತ್ತಿದ್ದೇನೆ. ನೊಂದ ಯಕೃತ್ತಿನ ಮೇಲೆ ಇನ್ನೊಂದು ಮದ್ದಿನ ಭಾರ ಹಾಕಬಾರದು. ಅತ್ತೆಯವರಿಗೆ ಸಮಾಧಾನವಾಗಿ ತಿಳಿಸಿ. ಆಸ್ಪತ್ರೆಯಲ್ಲಿ ಎಲ್‌ಎಫ್‌ಟಿ (ಯಕೃತ್ತಿನ ಪರೀಕ್ಷೆ) ಮತ್ತು ರಕ್ತ ಹೆಪ್ಪುಗಟ್ಟುವ ಪರೀಕ್ಷೆ ಮಾಡಿಸಿ, ವೈರಸ್ ಕಾಮಾಲೆಯ ಪರೀಕ್ಷೆಯೂ ಆಗಬೇಕು. ಅಶ್ವಗಂಧ ಥೈರಾಯ್ಡ್ ಹಾರ್ಮೋನನ್ನು ಏರಿಸುವುದೂ ಉಂಟು, ಆದ್ದರಿಂದ ಟಿಎಸ್‌ಎಚ್ ಎಂಬ ಥೈರಾಯ್ಡ್ ಪರೀಕ್ಷೆಯನ್ನೂ ಮಾಡಿಸಿ. ಡಬ್ಬಿಯನ್ನು ಎಸೆಯದೆ ಡಾಕ್ಟರಿಗೆ ತೋರಿಸಿ. ಯಜಮಾನರಿಗೆ ಮಂಕು ಕವಿದರೆ, ಮಾತು ತಡವರಿಸಿದರೆ, ವಸಡಿನಲ್ಲಿ ರಕ್ತ ಬಂದರೆ ಬೆಳಗಾಗಲಿ ಅಂತ ಕಾಯದೆ ದೊಡ್ಡ ಆಸ್ಪತ್ರೆಗೆ ಕರೆದೊಯ್ಯಿರಿ.